ಕರಿ ಬಿಯರೂ ಕುಟುಂಬಿಯ ಹಕ್ಕೂ



ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ಕುಳಿತು, ಶತಮಾನಗಳಿಂದ ಹೆಸರು ಮಾತ್ರವಾಗಿ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ದೊರಕಿಸಿದ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದರ ಮೂಲವನ್ನು ಅಚ್ಚುಮಾಡಿಸಿ, 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಗ್ರಂಥರೂಪದಲ್ಲಿ ಹೊರತಂದರು. ಅದೇ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ಗೃಹಸ್ಥನು ದಕ್ಷಿಣ ಹಿಂದುಸ್ಥಾನದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದನು. ಈ ಎರಡು ಸಂಗತಿಗಳಿಗೂ ಪರಸ್ಪರ ಯಾವ ಸಂಬಂಧವೂ ಇಲ್ಲವೆಂಬುದು ನಿಜ. ಆದರೂ ನಮ್ಮ ನಾಡಿನಲ್ಲಿ ಧಾನ್ಯದ ಮದ್ಯದ ಚರಿತ್ರೆಯನ್ನು ಹೇಳಹೊರಟವನಿಗೆ ಈ ಕಾಕತಾಳೀಯವು ಉಪಕಾರಿಯಾದುದು. ಏಕೆಂದರೆ ಪಂಡಿತರ ಪುಸ್ತಕದಲ್ಲಿ ಮದ್ಯವು ಮನೆಯ ಒಳಗೂ ಇತ್ತು, ಲೀಶ್‌ಮನ್ನನ ಲೆಕ್ಕದ ಪುಸ್ತಕದಲ್ಲಿ ಅದು ಕಾರ್ಖಾನೆಯಲ್ಲಿ ಮಾತ್ರ ಇತ್ತು.

ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿಧಿಸುವ ಪ್ರಕರಣದಲ್ಲಿ ಕೌಟಿಲ್ಯನು ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಯ ಪಾನಗಳನ್ನು ಹೆಸರಿಸುತ್ತಾನೆ. ಇವುಗಳಲ್ಲಿ ಮೇದಕವು ಅಕ್ಕಿಯದು: ಒಂದು ದ್ರೋಣ ನೀರಿಗೆ ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಆ ಕಿಣ್ವವನ್ನಾದರೂ ಉದ್ದಿಗೆ ಅಕ್ಕಿಯನ್ನು ಕೂಡಿಸಿ, ಕೆಲವು ಮೂಲಿಕೆಗಳನ್ನು ಬೆರೆಸಿ ಕಟ್ಟಬೇಕೆಂದು ಹೇಳಿದೆ. ಅಂದರೆ ಇಂದು ನಮ್ಮ ಮನೆಗಳಲ್ಲಿ ಶನಿವಾರ ರಾತ್ರಿ ಇಡ್ಲಿಗೆಂದು ನೆನೆಹಾಕುವ ಸಾಮಗ್ರಿಯೇ ಅಂದು ಸುರೆಯನ್ನು ಎಬ್ಬಿಸುತ್ತಿತ್ತು. ಕೌಟಿಲ್ಯನು ಉದಾರಿಯಲ್ಲ. ನಿಯತವಾದ ಸ್ಥಳವನ್ನು ಬಿಟ್ಟು ಬೇರೆಡೆ ಮದ್ಯವನ್ನು ಮಾಡಿದವನಿಗೂ ಕೊಂಡವನಿಗೂ ಮಾರಿದವನಿಗೂ ಆರುನೂರು ಪಣಗಳ ದಂಡವನ್ನು ವಿಧಿಸಿ, ಪಾನಾಗಾರಗಳಲ್ಲಿ ಯಾರು ಎಷ್ಟು ವ್ಯಯಮಾಡುತ್ತಾರೆಂಬುದನ್ನು ಗೂಢಚಾರರಿಂದ ತಿಳಿಯಬೇಕೆನ್ನುವ ಈ ಕಠಿಣಚಿತ್ತನು, ಅದೇ ಪ್ರಕರಣದಲ್ಲಿ ಒಂದು ಸಣ್ಣ ವಿನಾಯಿತಿಯನ್ನು ಇಟ್ಟಿದ್ದಾನೆ: ಕುಟುಂಬಿಗಳು, ಎಂದರೆ ಮನೆವಂದಿಗರು, ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದು. ರಾಜ್ಯದ ಬೊಕ್ಕಸಕ್ಕೆ ಬರುವ ಪ್ರತಿಯೊಂದು ಪಣವನ್ನೂ ಎಣಿಸುತ್ತಿದ್ದ ಶಾಸ್ತ್ರಕಾರನು ಈ ಬಾಗಿಲನ್ನು ಮಾತ್ರ ಮುಚ್ಚದೆ ಬಿಟ್ಟನೆಂಬುದು ನನಗೆ ಅತ್ಯಂತ ಅರ್ಥವತ್ತಾಗಿ ತೋರುತ್ತದೆ.

ನಮ್ಮ ಧಾರವಾಡದ ಸೀಮೆಗೆ ಬಂದರೆ, ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳ ಮಗನಾದ ಪಂಪನು 941ರಲ್ಲಿ ಮುಗಿಸಿದ ತನ್ನ ಭಾರತದಲ್ಲಿ ಪಾನಗೋಷ್ಠಿಯ ವರ್ಣನೆಗೆ ಸಂಕೋಚಪಡಲಿಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ಅರಸನ ಕ್ರೀಡೆಗಳಲ್ಲಿ ಒಂದೆಂದು ಗಣಿಸಿದನು. ಅದೇ ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡ ಮಾರುವ ಕಾಯಕದವನಾದ ಮಾರಯ್ಯನು ತನ್ನ ವೃತ್ತಿಯ ಹೆಸರನ್ನು ಮರೆಮಾಚದೆಯೇ ವಚನಗಳನ್ನು ನುಡಿದನು. ಹಾಗೆಂದು ನಮ್ಮ ಪೂರ್ವಿಕರೆಲ್ಲರೂ ಪಾನಪ್ರಿಯರಾಗಿದ್ದರೆಂದು ನಾನು ಹೇಳುತ್ತಿಲ್ಲ. ಬಯಲುಸೀಮೆಯಲ್ಲಿ ಪ್ರಚುರವಾಗಿದ್ದುದು ಈಚಲು ಮರದಿಂದ ಇಳಿಸಿದ ಹೆಂಡ. ಧಾನ್ಯವನ್ನು ಹುದುಗಿಸಿ ಮಾಡುವ ಪಾನವು ಮಲೆನಾಡಿನ ಕೆಲವು ಸಮುದಾಯಗಳಲ್ಲಿ ಅಕ್ಕಿ ಬೋಜ ಎಂಬ ಹೆಸರಿನಿಂದ ಉಳಿದುಬಂದಿತು. ಅನ್ನವನ್ನು ಆರಿಸಿ, ಅದಕ್ಕೆ ಬೇರುನಾರುಗಳ ಪುಡಿಯನ್ನು ಸೇರಿಸಿ, ಮಡಕೆಯಲ್ಲಿ ಕೆಲವು ದಿನ ಮುಚ್ಚಿಟ್ಟು ತೆಗೆಯುವ ಈ ಪಾನವನ್ನು ಮೇದಕದ ದೂರದ ಬಂಧುವೆನ್ನಲು ಅಡ್ಡಿಯಿಲ್ಲ.

ಇನ್ನು ಕರಿಯ ಬಿಯರಿನ ಜನ್ಮಭೂಮಿಗೆ ಹೋಗೋಣ. ಬಾರ್ಲಿಯನ್ನು (ಇದು ನಾವು ಹುಗ್ಗಿ ಮಾಡುವ ಜವೆಗೋಧಿಯಲ್ಲ, ಬೇರೆಯ ಧಾನ್ಯ) ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಅಮೈಲೇಸ್ ಎಂಬ ಎನ್‌ಜೈಮು, ಆ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿಟ್ಟಾಗ, ಪಿಷ್ಟವನ್ನು ಸಕ್ಕರೆಗೆ ಇಳಿಸುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟನ್ನು ಹಾಕಿದರೆ ಅದು ಬಿಯರಾಗುತ್ತದೆ. ಹಾಪ್ಸ್ ಬಳ್ಳಿಯು ನಮ್ಮ ಭಂಗಿಯ ಕುಟುಂಬಕ್ಕೇ ಸೇರಿದ ಸಸ್ಯವೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಲಂಡನ್ ನಗರದ ಹಮಾಲರು ಆದರದಿಂದ ಕುಡಿಯುತ್ತಿದ್ದುದರಿಂದ ಪೋರ್ಟರ್ ಎಂದು ಹೆಸರಾದ ಕಂದುಬಣ್ಣದ ಬಿಯರು, ಸೌದೆಯ ಉರಿಯಲ್ಲಿ ಒಣಗಿಸಿದ ಕಂದು ಮಾಲ್ಟಿನಿಂದ ಆಗುತ್ತಿತ್ತು. ಲಂಡನ್ನಿನ ಗಡುಸಾದ ಬಾವಿಯ ನೀರು ಹುರಿದ ಮಾಲ್ಟಿನ ಹುಳಿಗೆ ಒಗ್ಗುತ್ತಿದ್ದುದರಿಂದ ಆ ಊರಿಗೂ ಆ ಪಾನಕ್ಕೂ ಸಹಜವಾದ ಮೈತ್ರಿ ಬೆಳೆಯಿತು. ಕಂದು ಮಾಲ್ಟಿನಲ್ಲಿ ಸಕ್ಕರೆ ಕಡಿಮೆ, ಖರ್ಚು ಹೆಚ್ಚು ಎಂಬುದನ್ನು ಕಂಡುಕೊಂಡ ವ್ಯಾಪಾರಿಗಳು ತೆಳುಬಣ್ಣದ ಮಾಲ್ಟಿಗೆ ತಿರುಗಿ, ಬಣ್ಣಕ್ಕಾಗಿ ಏನೇನನ್ನೋ ಬೆರೆಸತೊಡಗಿದ ಕಾಲದಲ್ಲಿ, 1817ರಲ್ಲಿ ಡೇನಿಯಲ್ ವ್ಹೀಲರ್ ಎಂಬವನು ಕಾಫಿಬೀಜವನ್ನು ಹುರಿಯುವಂತೆಯೇ ಮಾಲ್ಟನ್ನೂ ತಿರುಗುವ ಲೋಹದ ಪೀಪಾಯಿಯಲ್ಲಿ ಕಪ್ಪಾಗುವವರೆಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅಲ್ಲಿಂದ ಮುಂದೆ ಹಿಡಿಯಷ್ಟು ಕರಿಮಾಲ್ಟು ಕಡಾಯಿಯಷ್ಟು ಬಿಯರನ್ನು ಮಸಿಯ ಬಣ್ಣಕ್ಕೆ ತಿರುಗಿಸಬಲ್ಲುದಾಯಿತು. ಡಬ್ಲಿನ್ನಿನಲ್ಲಿ 1759ರಿಂದ ಕೆಲಸ ನಡೆಸುತ್ತಿದ್ದ ಗಿನ್ನೆಸ್ ಮನೆತನದವರ ಸ್ಟೌಟ್ ಎಂಬುದು ಈ ಆವಿಷ್ಕಾರದ ಅತ್ಯಂತ ಪ್ರಸಿದ್ಧವಾದ ಫಲ. ಕಪ್ಪು ಬಣ್ಣವನ್ನು ಕಂಡೊಡನೆ ಇದು ಬಹಳ ತೀಕ್ಷ್ಣವೆಂದು ಭಾವಿಸುವವರು ಬಹುಮಂದಿ. ಗಿನ್ನೆಸ್ ಡ್ರಾಫ್ಟಿನಲ್ಲಿರುವ ಮದ್ಯಸಾರವು ಶೇಕಡಾ 4.2 ಮಾತ್ರ, ನಮ್ಮ ಅಂಗಡಿಗಳಲ್ಲಿ ‘ಸ್ಟ್ರಾಂಗ್’ ಎಂದು ಮಾರಾಟವಾಗುವ ಹೊಂಬಣ್ಣದ ಬಿಯರಿಗಿಂತ ಬಹಳ ಕಡಿಮೆ.

ಕಂಪನಿ ಸರಕಾರದ ಗೋರಾ ಸಿಪಾಯಿಗಳಿಗಾಗಿ ಹಡಗುಗಳಲ್ಲಿ ಈ ದೇಶಕ್ಕೆ ಬಂದುದು ಹೆಚ್ಚಾಗಿ ಈ ಪೋರ್ಟರೇ. ಇಂಡಿಯಾದ ಹೆಸರನ್ನು ಹೊತ್ತು ಇಂದು ಜಗತ್ಪ್ರಸಿದ್ಧವಾಗಿರುವ ಪೇಲ್ ಏಲ್ ಸಾಹೇಬರ ಮೇಜಿನ ಪಾನವಾಗಿತ್ತು. ಬ್ಯಾರಕ್ಕಿನ ಪಾನ ಕಪ್ಪು. ಆರು ತಿಂಗಳ ಸಮುದ್ರಯಾನದ ಖರ್ಚನ್ನು ಉಳಿಸುವುದಕ್ಕಾಗಿ ಗುಡ್ಡಗಾಡಿನ ತಂಪಿನಲ್ಲಿಯೇ ಕಾರ್ಖಾನೆಗಳನ್ನು ತೆರೆಯುವ ಯೋಚನೆ ಹುಟ್ಟಿತು. ಹಿಮಾಲಯದ ಕಸೌಲಿಯಲ್ಲಿ ಎಡ್ವರ್ಡ್ ಡಯರ್ ಬ್ರೂವರಿ ಸ್ಥಾಪಿಸಿದನು. ಅವನ ಮಗನೇ ಜಲಿಯನ್‌ವಾಲಾ ಬಾಗಿನ ಡಯರ್. ದಕ್ಷಿಣದಲ್ಲಿ 1857ರ ಕ್ಯಾಸಲ್ ಬ್ರೂವರಿ, ನೀಲಗಿರಿಯ ಬ್ರೂವರಿ, 1885ರ ಬೆಂಗಳೂರು ಬ್ರೂಯಿಂಗ್ ಕಂಪನಿ ಮೊದಲಾದವು ದಂಡಿನ ಊರುಗಳ ಬಾಯಾರಿಕೆಯನ್ನು ನಂಬಿ ಬೆಳೆದವು. ದೊಡ್ಡ ಪೀಪಾಯಿಗಳನ್ನು ಎತ್ತಿನ ಬಂಡಿಗಳಲ್ಲಿ ಹೇರಿಕೊಂಡು ಪಲ್ಟಣಗಳಿಗೆ ಮುಟ್ಟಿಸುತ್ತಿದ್ದರೆಂದು ಹೇಳಿಕೆಯುಂಟು.

ಈ ಕಾರ್ಖಾನೆಗಳು ತಲೆಯೆತ್ತುತ್ತಿದ್ದ ಕಾಲದಲ್ಲಿಯೇ ಮನೆಯ ಮಡಕೆಗೆ ಕುತ್ತು ಬಂದಿತು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1878ರ ಮುಂಬಯಿ ಅಬಕಾರಿ ಕಾಯಿದೆಯು ಮಾದಕಪಾನಗಳ ತಯಾರಿಕೆಯನ್ನೆಲ್ಲ ಸರಕಾರದ ಪರವಾನಗಿಯ ಅಡಿಗೆ ತಂದು, ಕಂತ್ರಾಟುದಾರನ ಲಾಭವನ್ನೂ ಸರಕಾರದ ಉತ್ಪನ್ನವನ್ನೂ ಏಕಕಾಲಕ್ಕೆ ಭದ್ರಪಡಿಸಿತು. ಪ್ರಜೆಯನ್ನು ಮಾತ್ರ ಹೀಗೆ ಕಟ್ಟಿಹಾಕಿ ತಾವು ಸ್ವಚ್ಛಂದರಾಗಿದ್ದರೆಂದು ಇಂಗ್ಲಿಷರನ್ನು ದೂರುವಂತೆಯೂ ಇಲ್ಲ. ಎರಡೇ ವರ್ಷಗಳ ತರುವಾಯ, 1880ರಲ್ಲಿ, ಗ್ಲ್ಯಾಡ್‌ಸ್ಟನ್ನನ ಸರಕಾರವು ಅವರ ದೇಶದಲ್ಲಿಯೂ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರಿಗೆ ಲೈಸೆನ್ಸನ್ನು ವಿಧಿಸಿತು. ರೈತನ ಮನೆಯ ಹಿಂದಿನ ಕಡಾಯಿಯು ಅಲ್ಲಿಯೂ ಕ್ರಮೇಣ ತಣ್ಣಗಾಯಿತು. ಅದು ಮರಳಿ ಬಿಸಿಯಾದುದು 1963ರಲ್ಲಿ, ಹಣಕಾಸು ಮಂತ್ರಿ ರೆಜಿನಾಲ್ಡ್ ಮೌಡ್ಲಿಂಗ್ ಆ ಲೈಸೆನ್ಸನ್ನು ತೆಗೆದುಹಾಕಿದ ಮೇಲೆ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಅಂಕಿತ ಹಾಕಿದ ಕಾಯಿದೆಯಿಂದ ಇಬ್ಬರು ವಯಸ್ಕರಿರುವ ಮನೆಯೊಂದು ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ಸ್ವಂತಕ್ಕಾಗಿ ಸುಂಕವಿಲ್ಲದೆ ಮಾಡಿಕೊಳ್ಳಬಹುದೆಂದಾಯಿತು. ಇಂದು ಕ್ರಾಫ್ಟ್ ಬಿಯರ್ ಎಂದು ಲೋಕವೆಲ್ಲ ಕೊಂಡಾಡುವ ಸಣ್ಣ ಬ್ರೂವರಿಗಳನ್ನು ಕಟ್ಟಿದವರಲ್ಲಿ ಅನೇಕರು ಮೊದಲು ತಮ್ಮ ಅಡುಗೆಮನೆಯ ಒಲೆಯ ಮೇಲೆ ಕೈಪಳಗಿಸಿಕೊಂಡವರು.

ನಮ್ಮಲ್ಲಿ ಚರಿತ್ರೆಯು ಬೇರೆ ದಾರಿಯನ್ನು ಹಿಡಿಯಿತು. ಮದ್ಯದ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿದ, 1939ರಲ್ಲಿ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದ ತಲೆಮಾರಿಗೆ ಪಾನನಿರೋಧವೆಂಬುದು ಸ್ವರಾಜ್ಯದ ಅಂಗವಾಗಿತ್ತು. ಹೆಂಡದ ಉತ್ಪನ್ನದಿಂದ ನಡೆಯುವ ಸರಕಾರವನ್ನು ಅವರು ಸಹಿಸದೆಹೋದುದರಲ್ಲಿ ಅನ್ಯಾಯವೇನೂ ಇರಲಿಲ್ಲ, ಕುಡುಕನ ಹೆಂಡತಿಮಕ್ಕಳ ಮುಖವನ್ನು ಕಂಡವರಾರೂ ಅವರನ್ನು ಹಳಿಯಲಾರರು. ನಾನು ಈಗ ಮಾತನಾಡುತ್ತಿರುವ ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿಯಲ್ಲಿ ಆರಂಭವಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಮುಂಬಯಿ ರಾಜ್ಯವೆಲ್ಲವೂ, ಅದರೊಂದಿಗೆ ಧಾರವಾಡ ಜಿಲ್ಲೆಯೂ, ಸಂಪೂರ್ಣ ಪಾನನಿರೋಧಕ್ಕೆ ಒಳಗಾಯಿತು. ಬಲಸಾರಾ ಎಂಬ ಮುಂಬಯಿಯ ಗೃಹಸ್ಥನು ಆ ಕಾಯಿದೆಯನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 1951ರಲ್ಲಿ ಅದರ ಬಹುಭಾಗವನ್ನು ಎತ್ತಿಹಿಡಿದು, ಮದ್ಯಸಾರವುಳ್ಳ ಔಷಧ ಮತ್ತು ಪ್ರಸಾಧನದ್ರವ್ಯಗಳ ಮೇಲಿನ ನಿರ್ಬಂಧವೇ ಮೊದಲಾದ ಕೆಲವು ವಿಧಿಗಳನ್ನು ರದ್ದುಗೊಳಿಸಿತು. ಏಕೀಕರಣದ ಅನಂತರವೂ ಕೆಲಕಾಲ ಮುಂದುವರಿದ ನಿರೋಧವು 1960ರ ದಶಕದ ಉತ್ತರಾರ್ಧದಲ್ಲಿ ಸಡಿಲಗೊಂಡು, 1965ರ ಅಬಕಾರಿ ಅಧಿನಿಯಮವು ಅದರ ಸ್ಥಾನಕ್ಕೆ ಬಂದಿತು. ಮಾರುವವನಿಗೆ ಅದರಿಂದ ಲೈಸೆನ್ಸಿನ ದಾರಿ ತೆರೆಯಿತು. ಕುಟುಂಬಿಗೆ ಯಾವ ದಾರಿಯೂ ತೆರೆಯಲಿಲ್ಲ. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರನ್ನು ಮಾಡುವುದು ಇಂದಿಗೂ ಈ ರಾಜ್ಯದಲ್ಲಿ ಅಪರಾಧವೇ ಎಂಬುದನ್ನು ಕೇಳುಗರು ಗಮನದಲ್ಲಿಡಬೇಕು.

ಬಂಟ್ವಾಳ ಮೂಲದ ವಿಟ್ಠಲ ಮಲ್ಯರು 1947ರಲ್ಲಿ ಯುನೈಟೆಡ್ ಬ್ರೂವರೀಸಿನ ಆಡಳಿತಮಂಡಲಿಯನ್ನು ಸೇರಿ, ಮರುವರ್ಷವೇ ಅದರ ಅಧ್ಯಕ್ಷರಾದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಕಾರ್ಖಾನೆಯು ಬೆಳೆದಂತೆ ಬಿಯರಿನ ಬಣ್ಣವು ತೆಳುವಾಯಿತು, ರುಚಿಯೂ ತೆಳುವಾಯಿತು. ಬ್ಯಾರಕ್ಕಿನ ಆ ಕರಿಪಾನವು ಈ ದೇಶದಿಂದ ಹೆಚ್ಚುಕಡಿಮೆ ಮಾಯವೇ ಆಯಿತು. ಅದು ಹಿಂದಿರುಗಿದುದು 2010ರ ಸುಮಾರಿಗೆ, ಸ್ಥಳದಲ್ಲಿಯೇ ಬಿಯರನ್ನು ತಯಾರಿಸಿ ಬಡಿಸುವ ಕಿರುಬ್ರೂವರಿಗಳಿಗೆ ಕರ್ನಾಟಕ ಸರಕಾರವು ಅನುಮತಿ ಕೊಟ್ಟ ಮೇಲೆ. ಬೆಂಗಳೂರಿನ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ಅಮೆರಿಕದ ಆ್ಯನ್ ಆರ್ಬರಿನಿಂದ ಬಂದು 2012ರಲ್ಲಿ ನೆಲೆಸಿದ ಆರ್ಬರ್ ಬ್ರೂಯಿಂಗ್ ಕಂಪನಿ ಮೊದಲಾದವು ತಾಮ್ರ ಮತ್ತು ಉಕ್ಕಿನ ಹಂಡೆಗಳನ್ನು ಗಿರಾಕಿಗಳ ಕಣ್ಣೆದುರಿಗೇ ನಿಲ್ಲಿಸಿದವು. ಸ್ಟೌಟಿಗೆ ಕಾಫಿಯನ್ನು ಬೆರೆಸುವ, ರಾಗಿಯನ್ನು ಪ್ರಯೋಗಿಸಿ ನೋಡುವ ಉತ್ಸಾಹವೂ ಅವರಲ್ಲಿ ಕಂಡುಬಂದಿದೆ. ಇವೆಲ್ಲ ಹಣವಂತರ ವಿನೋದವೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಲೋಟವನ್ನು ಮುಂದಿಟ್ಟುಕೊಂಡು ಅದರ ಧಾನ್ಯ, ಹುರಿದ ಹದ, ಕಹಿಯ ಪ್ರಮಾಣಗಳನ್ನು ಕುರಿತು ಒಂದು ತಾಸು ಮಾತನಾಡುವವನು, ಮೈಮರೆಯುವುದಕ್ಕಾಗಿ ಕುಡಿಯುವವನಿಗಿಂತ ಸಮಾಜಕ್ಕೆ ಕಡಿಮೆ ಅಪಾಯಕಾರಿಯೆಂದು ನನ್ನ ನಂಬುಗೆ.

ನಾನು ವಾಸಿಸುವ ಲಕಮನಹಳ್ಳಿಯಲ್ಲಿ ಇಂಥ ಬ್ರೂವರಿಯಿಲ್ಲ. ಪುಣೆ-ಬೆಂಗಳೂರು ರಸ್ತೆಯ ಮಗ್ಗುಲಿಗಿದ್ದ ಈ ಹಳ್ಳಿ ಈಗ ಕೈಗಾರಿಕೆಗಳ ಪ್ರದೇಶವಾಗಿದೆ. ಇಲ್ಲಿರುವ ಹಾಲು ಒಕ್ಕೂಟದ ಡೇರಿಯಲ್ಲಿ ಉಕ್ಕಿನ ತೊಟ್ಟಿ, ಶೀತಲ ಯಂತ್ರ, ಹೆಪ್ಪಿಗೆ ಬೇಕಾದ ಶುದ್ಧ ಜೀವಾಣುಗಳು, ಉಷ್ಣತೆಯ ಮೇಲಿನ ನಿಗಾ, ಹೀಗೆ ಬ್ರೂವರಿಯೊಂದಕ್ಕೆ ಬೇಕಾದುದೆಲ್ಲವೂ ಉಂಟು, ಮಾಲ್ಟೊಂದನ್ನು ಬಿಟ್ಟು. ಮಾಲ್ಟಾದರೂ ಮನೆಮನೆಯಲ್ಲಿದೆ: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸಿ ಕೂಸುಗಳಿಗೆ ಉಣಿಸುವ ತಾಯಂದಿರು ಮಾಡುತ್ತಿರುವುದು ಮಾಲ್ಟಿಂಗ್ ಕ್ರಿಯೆಯನ್ನೇ, ಮೊಳೆತ ರಾಗಿಯ ಅಮೈಲೇಸ್ ಶಕ್ತಿಯು ನಮ್ಮ ಕಿರುಧಾನ್ಯಗಳಲ್ಲಿಯೇ ಶ್ರೇಷ್ಠವಾದುದೆಂದು ಆಹಾರವಿಜ್ಞಾನಿಗಳು ಹೇಳುತ್ತಾರೆ.

ಅಮೆರಿಕದ ಒರೆಗಾನ್ ಪ್ರಾಂತದಲ್ಲಿ ನೆಲೆಸಿರುವ ನನ್ನ ಸೋದರಳಿಯನು ಅಲ್ಲಿಯ ಕಾಯಿದೆಯ ಆಶ್ರಯದಲ್ಲಿ ತನ್ನ ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಕರಿ ಬಿಯರನ್ನು ಮಾಡುತ್ತಾನೆ. ಇಪ್ಪತ್ತು ಲೀಟರಿನ ಒಂದು ಕೊಪ್ಪರಿಗೆಗೆ ನಾಲ್ಕೈದು ಕಿಲೋ ತೆಳುಮಾಲ್ಟು, ಅದಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋದವರೆಗೆ ಕಪ್ಪಾಗಿ ಹುರಿದುದು. 66 ಡಿಗ್ರಿಯ ಆಸುಪಾಸಿನಲ್ಲಿ ಒಂದು ತಾಸು ಕಲಸಿಟ್ಟು, ಸೋಸಿ, ಹಾಪ್ಸ್ ಹಾಕಿ ಇನ್ನೊಂದು ತಾಸು ಕುದಿಸಿ, 20 ಡಿಗ್ರಿಗಿಂತ ಕೆಳಗೆ ತಣಿಸಿ ಯೀಸ್ಟ್ ಬೆರೆಸಿದರೆ ಎರಡು ವಾರಗಳಲ್ಲಿ ಹುದುಗು ಮುಗಿಯುತ್ತದೆ. ಬಾಟಲಿಗೆ ತುಂಬುವಾಗ ಹಾಕುವ ಚಿಟಿಕೆ ಸಕ್ಕರೆಯಿಂದ ನೊರೆ ಹುಟ್ಟುತ್ತದೆ. ಧಾರವಾಡದ ನೆನಪಿಗೆಂದು ಅವನು ಕರಿಮಾಲ್ಟಿನ ಒಂದು ಪಾಲಿಗೆ ಬದಲಾಗಿ ಅಲ್ಲಿಯ ಇಂಡಿಯನ್ ಅಂಗಡಿಯ ರಾಗಿಯನ್ನು ಹುರಿದು ಹಾಕುತ್ತಾನಂತೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಇದನ್ನೆಲ್ಲ ನಮ್ಮ ಪಕ್ಕದ ಮನೆಯ ಅಜ್ಜಿಯವರಿಗೆ ಅವನು ವಿವರಿಸುತ್ತಿದ್ದನು. ಅವರು ಕೊನೆಯವರೆಗೂ ಗಂಭೀರವಾಗಿ ಕೇಳಿ, ಹುದುಗಿನ ವಿಷಯದಲ್ಲಿ ಯಾವ ಆಕ್ಷೇಪವನ್ನೂ ಎತ್ತದೆ, ಹುರಿಯುವ ಹದವನ್ನು ಮಾತ್ರ ಹಿಡಿದುಕೊಂಡರು: “ಅಷ್ಟು ಕರ್ರಗ ಹುರದ್ರ ಅದು ಹೊತ್ತಿದ್ದಪಾ ತಮ್ಮಾ, ನಾವಾದ್ರ ಅದನ್ನ ದನಕ್ಕ ಹಾಕ್ತೀವಿ.”

ಅಳಿಯನು ನಕ್ಕು, ಸೋಸಿ ಉಳಿದ ಹಿಂಡಿಯನ್ನು ತಾನೂ ನೆರೆಮನೆಯವರ ಕೋಳಿಗಳಿಗೇ ಹಾಕುವುದೆಂದು ಹೇಳಿದನು. “ಹಂಗಾರ ಕೋಳಿ ಶಾಣ್ಯಾವು ಅದಾವು,” ಎಂದು ಅಜ್ಜಿಯವರು ಎದ್ದು ಒಳಗೆ ಹೋದರು.