ಹರಿದು ಕೊಡು ಅಂದ್ರೆ ಹರಿದು ಹಾಕಿದ್ದೆ

ಇವತ್ತು ಇಂಗ್ಲಿಷಲ್ಲಿ ಹರಿಯೋದು, ಮುರಿಯೋದು, ಹಾಳು ಮಾಡೋದ್ರ ಬಗ್ಗೆ ಮಾತಾಡೋಣ. ಮೊದಲು ನಾನೇ ಮಾಡಿದ ಒಂದು ಎಡವಟ್ಟು ಹೇಳ್ಬಿಡ್ತೀನಿ.

ಬಿ.ಕಾಂ ಮುಗಿಸಿ ಬೆಂಗಳೂರಲ್ಲಿ ಒಂದು ಸಣ್ಣ ಅಕೌಂಟ್ಸ್ ಆಫೀಸಿಗೆ ಸೇರಿದ್ದೆ. ಮೂರನೇ ವಾರ. ಸರ್ ಫೋನ್ ಮಾಡಿ, ಚೆಕ್ ಬುಕ್ಕಲ್ಲಿ ಸಹಿ ಆಗಿರೋ ಲೀಫನ್ನ 'ಟೇರ್ ಆಫ್' ಮಾಡು ಅಂದ್ರು. ಲೈನ್ ಕಟ್ ಆಯ್ತು. ನನ್ನ ಕಿವಿಗೆ ಬಿದ್ದಿದ್ದು 'ಟೇರ್' ಮಾತ್ರ. ನಾಲ್ಕು ಚೂರು ಮಾಡಿ ಡಸ್ಟ್‌ಬಿನ್‌ಗೆ ಹಾಕಿದೆ.

ಅದು ತಿಪಟೂರಿನ ಕೊಬ್ಬರಿ ವ್ಯಾಪಾರಿ ಒಬ್ಬರ ಚೆಕ್. ಸಹಿ ಮಾಡಿಟ್ಟಿದ್ದು ಅದೊಂದೇ. ವಯಸ್ಸಾದವರು, ಮಾರನೇ ದಿನ ಬೆಳಗ್ಗೆ ಟ್ರೇನ್ ಹತ್ತಿ ಬಂದು ಮತ್ತೆ ಸಹಿ ಹಾಕಿದ್ರು. "ಹೋಗ್ಲಿ ಬಿಡಿ ಸಾ, ಕಾಗ್ದ ತಾನೆ" ಅಂದ್ರು. ಸರ್ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಆಮೇಲೆ ಎಷ್ಟೋ ತಿಂಗಳು ಆ ಆಫೀಸಲ್ಲಿ 'ಯೆಸ್ ಸರ್' ಬಿಟ್ಟು ನನ್ನ ಬಾಯಲ್ಲಿ ಇಂಗ್ಲಿಷ್ ಬರಲಿಲ್ಲ.

ಈಗ ನೋಡಿ. 'ಟೇರ್ ಆಫ್' ಅಂದ್ರೆ ಬುಕ್ಕಿಂದ ಬೇರೆ ಮಾಡೋದು, ಹರಿದು ಕೊಡೋದು. 'ಟೇರ್ ಅಪ್' ಅಂದ್ರೆ ಹರಿದು ಹಾಕೋದು, ಕಥೆ ಮುಗೀತು. 'ಈಟ್ ಅಪ್', 'ಬರ್ನ್ ಅಪ್', 'ಯೂಸ್ ಅಪ್', ಇಲ್ಲೆಲ್ಲ ಆ 'ಅಪ್'ಗೆ ಮೇಲಕ್ಕೆ ಅನ್ನೋ ಅರ್ಥ ಇಲ್ಲ, ಪೂರ್ತಿ ಮುಗಿಸೋದು ಅಂತ. ನಮ್ಮಲ್ಲೂ ಹರಿ ಅನ್ನೋದು ಒಂದೇ, ಹಿಂದೆ ಬರೋ ಕೊಡು, ಹಾಕು ಅರ್ಥ ಬದಲಿಸುತ್ತೆ. ಇದನ್ನ ಯಾರಾದ್ರೂ ಕಾಲೇಜಲ್ಲಿ ಹೇಳಿದ್ದಿದ್ರೆ ಒಂದು ಚೆಕ್ ಉಳೀತಿತ್ತು. ಕಟ್ಟಡ ಕೆಡವಿದ್ರೆ 'ಟೇರ್ ಡೌನ್', ಯಾರ ಮೇಲಾದ್ರೂ ಎಗರಿ ಬೈದ್ರೆ 'ಟೇರ್ ಇಂಟು'. ಅದೇ ಸ್ಪೆಲ್ಲಿಂಗನ್ನ 'ಟಿಯರ್ ಅಪ್' ಅಂತ ಓದಿದ್ರೆ ಕಣ್ಣು ತುಂಬಿ ಬರೋದು. ಅವತ್ತು ನಾನು ಎರಡೂ ಮಾಡಿದೆ.

'ರಿಪ್ ಆಫ್' ನಿಮಗೆ ಗೊತ್ತು, ಆಟೋದವರು ಡಬಲ್ ಕೇಳಿದಾಗ ಹೇಳ್ತೀವಿ. ಕನ್ನಡದಲ್ಲಿ ಅದಕ್ಕೆ ಸುಲಿಗೆ ಅಂತೀವಿ. ಸಿಪ್ಪೆ ಸುಲಿಯೋ ಅದೇ ಸುಲಿ. ಕಿತ್ತುಕೊಳ್ಳೋದನ್ನ ಎರಡೂ ಭಾಷೆ ಒಂದೇ ಥರ ನೋಡಿವೆ.

ಕಾಮರ್ಸ್‌ನವರಿಗೆ ಒಂದು ಬೋನಸ್. ಗಾಡಿ ಆಕ್ಸಿಡೆಂಟಲ್ಲಿ ನಜ್ಜುಗುಜ್ಜಾದ್ರೆ ಅಮೆರಿಕದವರು 'ಟೋಟಲ್ಡ್' ಅಂತಾರೆ, ಇನ್ಶೂರೆನ್ಸ್‌ನ 'ಟೋಟಲ್ ಲಾಸ್'ನಿಂದ ಬಂದ ಮಾತು. ಬ್ರಿಟನ್‌ನಲ್ಲಿ ಅದೇ ಗಾಡಿ 'ರೈಟ್ ಆಫ್'. ವಸೂಲಾಗದ ಸಾಲ ಲೆಕ್ಕದಿಂದ ತೆಗೆದು ಹಾಕ್ತೀವಲ್ಲ, ಅದೇ. ಸುತ್ತಿಗೆ ಇಲ್ಲ, ಕತ್ತರಿ ಇಲ್ಲ, ಲೆಡ್ಜರಲ್ಲೇ ಗಾಡಿ ಪುಡಿಪುಡಿ!

ಇನ್ನು 'ಶ್ರೆಡ್'. ಪೇಪರ್ ಶ್ರೆಡ್ ಮಾಡಿದ್ರೆ ಚಿಂದಿ, ಗಿಟಾರಲ್ಲಿ ಶ್ರೆಡ್ ಮಾಡಿದ್ರೆ ಅದೂ "ಚಿಂದಿ ಗುರು!" ಇದಕ್ಕೆ ಅನುವಾದನೇ ಬೇಡ.

ಆ ತಿಪಟೂರಿನ ಯಜಮಾನ್ರು ನಾನು ಆಫೀಸ್ ಬಿಟ್ಟ ಮೇಲೂ ಆಗಾಗ ಫೋನ್ ಮಾಡ್ತಾರೆ. "ಏನಪ್ಪಾ, ಹರಿದು ಕೊಡ್ತಿದೀಯೋ, ಹಾಕ್ತಿದೀಯೋ?" ಅಂತಾರೆ. ಅವರೀಗ ದುಡ್ಡು ಕಟ್ಟೋದೆಲ್ಲ ಮೊಬೈಲಲ್ಲೇ. ಮೊಮ್ಮಗಳು ಕಲಿಸಿಕೊಟ್ಟಳಂತೆ.