ಮಾತ್ರೆ ಎಂಬ ಮಾತು

ಛಂದಸ್ಸನ್ನು ಕಲಿಸುವಾಗ ಮಕ್ಕಳಿಗೆ ಹೇಳುವುದುಂಟು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು; ಮಾತ್ರೆಯೆಂದರೆ ಉಚ್ಚಾರಣೆಗೆ ಹಿಡಿಯುವ ಕಾಲದ ಅಳತೆ. ವೈದ್ಯರ ಮಾತ್ರೆಯೂ ಅಳತೆಯೇ. ಎರಡೂ ಒಂದೇ ಮಾತೆಂಬುದು ನನಗೆ ಮನದಟ್ಟಾದದ್ದು ತರಗತಿಯಲ್ಲಲ್ಲ, ಆಸ್ಪತ್ರೆಯಲ್ಲಿ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಬಾಳಗಡಿಯ ಅಡಿಕೆ ತೋಟದಲ್ಲಿ ನಮ್ಮ ಭಾವನವರಿಗೆ ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಯಲ್ಲಿ ಒಂದಿಷ್ಟು ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡಿದರು. ಹೆಪ್ಪುಗಟ್ಟಲಿಲ್ಲ. ವಿಷ ಏರಿತ್ತು.

ಹಾವಿನ ವಿಷಕ್ಕೆ ಮದ್ದನ್ನು ಕುದುರೆಯ ರಕ್ತದಿಂದ ತೆಗೆಯುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಮದ್ದು. ವಿಚಿತ್ರವೆಂದರೆ, ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ. ಹಾವು ಆಳು ನೋಡಿ ವಿಷ ಕಡಿಮೆ ಮಾಡುವುದಿಲ್ಲವಷ್ಟೆ! ಪುಡಿಯನ್ನು ಕರಗಿಸಿ, ಸಲೈನಿನಲ್ಲಿ ಬೆರೆಸಿ, ಸುಮಾರು ಒಂದು ಗಂಟೆಯ ಅವಧಿಯಲ್ಲಿ ನರಕ್ಕೆ ಹರಿಸಬೇಕು. ನಾವು ನರವೆನ್ನುವುದು ವಾಸ್ತವದಲ್ಲಿ ರಕ್ತನಾಳ. ಅಲ್ಲಿಗೆ ಹೋದದ್ದು ಕ್ಷಣದಲ್ಲಿ ಹೃದಯ ಮುಟ್ಟುತ್ತದೆ. ಹೊಟ್ಟೆಗೆ ಹೋದದ್ದನ್ನು ವಾಂತಿ ಮಾಡಿಸಬಹುದು. ಇದನ್ನು ಹಿಂದಕ್ಕೆ ತೆಗೆಯುವಂತಿಲ್ಲ.

ಹನಿಗಳು ನಿಧಾನವಾಗಿ ಬೀಳುತ್ತಿದ್ದವು. ನನಗೆ ತಡೆಯಲಿಲ್ಲ. ಯಾರೂ ಇಲ್ಲದಾಗ ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ಸ್ವಲ್ಪ ತಿರುಗಿಸಿಬಿಟ್ಟೆ. ಹತ್ತು ನಿಮಿಷವಾಗಿರಬಹುದು, ಭಾವನವರಿಗೆ ಮೈಯೆಲ್ಲ ತುರಿಕೆ, ಉಬ್ಬಸ. ದಾದಿ ಓಡಿಬಂದು ಕೊಳವೆ ಮುಚ್ಚಿದರು. ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಅದನ್ನು ಮೊದಲೇ ಸಿದ್ಧವಾಗಿಟ್ಟಿದ್ದರು.

"ಮೇಷ್ಟ್ರೇ, ಇದಕ್ಕೆ ಕೈ ಹಾಕಿದ್ದು ಯಾರು?"

ಒಪ್ಪಿಕೊಂಡೆ. ಚಕ್ರ ತಿರುಗಿಸದಿದ್ದರೂ ಆ ಮದ್ದಿಗೆ ಹೀಗಾಗುವುದುಂಟು ಎಂದು ವೈದ್ಯರು ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಇಂದಿಗೂ ಪೂರ್ತಿ ತಾಗಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ಅದೇ ಮದ್ದನ್ನು ಮತ್ತೆ ಮೆಲ್ಲಗೆ ಹರಿಸಿದರು.

ಮೂತ್ರಪಿಂಡ ಕುಗ್ಗಿದ್ದರಿಂದ ಮುಂದೆ ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಒಯ್ದೆವು. ಅಲ್ಲಿ ಹನಿ ಎಣಿಸುವ ಕೆಲಸ ಯಂತ್ರದ್ದು. ಆದರೂ ಪಕ್ಕದ ಹಾಸಿಗೆಯವರಿಗೆ ಪೊಟ್ಯಾಸಿಯಂ ಕ್ಲೋರೈಡ್ ಕೊಡುವ ಮುನ್ನ ಇಬ್ಬರು ದಾದಿಯರು ಸೀಸೆಯ ಚೀಟಿಯನ್ನೂ ರೋಗಿಯ ಕೈಪಟ್ಟಿಯನ್ನೂ ಗಟ್ಟಿಯಾಗಿ ಓದಿಕೊಂಡರು. ನೋಡಲು ಅದು ಬರಿಯ ನೀರಿನಂತೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದವರಿಗೆ ಅದೇ ಜೀವರಕ್ಷಕ; ತೆಳುಮಾಡದೆ ಒಮ್ಮೆಲೆ ನರಕ್ಕೆ ಕೊಟ್ಟರೆ ಹೃದಯ ನಿಂತೇಹೋಗುತ್ತದೆ. ಕೆಲವು ಮದ್ದುಗಳು ಒಂದೇ ಕೊಳವೆಯಲ್ಲಿ ಕೂಡಿ ನಡೆಯವು: ಸೆಫ್ಟ್ರಿಯಾಕ್ಸೋನಿಗೆ ಕ್ಯಾಲ್ಸಿಯಂ ಬೆರೆತರೆ ಸುಣ್ಣದ ಹಾಗೆ ಕಣ ಕಟ್ಟುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧದಿಂದಾಗುವ ಹಾನಿಯನ್ನು ತಡೆಯಲೆಂದೇ ಜಾಗತಿಕ ಕಾರ್ಯಕ್ರಮವೊಂದನ್ನು ಆರಂಭಿಸಿತು.

ಕೇಳುಗರೇ, ಹಾಸಿಗೆಯ ಪಕ್ಕ ಕುಳಿತ ನಮಗೂ ಕೆಲಸವಿದೆ. ರೋಗಿಗೆ ಯಾವ ಮದ್ದು ಒಗ್ಗದು, ಮನೆಯಲ್ಲಿ ಏನೇನು ನುಂಗುತ್ತಿದ್ದರು ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ಸೂಜಿ ಚುಚ್ಚಿದಲ್ಲಿ ಊದಿದರೆ, ಉರಿದರೆ ಕೂಡಲೆ ಕರೆಯಬೇಕು. ಚಕ್ರ ಮುಟ್ಟಬಾರದು.

ಭಾವನವರು ಹದಿನೆಂಟನೆಯ ದಿನ ಮನೆಗೆ ಬಂದರು. ಈಗ ತೋಟಕ್ಕೆ ಗಂಬೂಟು ಹಾಕಿಕೊಂಡು ಹೋಗುತ್ತಾರೆ.