ಬೂತಾಯಿಯ ಒಡಲ ಲೆಕ್ಕ

ಮಂಗಳೂರಿನವರು ಬೂತಾಯಿ ಎನ್ನುತ್ತಾರೆ. ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ. ಹೆಸರು ಮೂರಾದರೂ ಮೀನು ಒಂದೇ. ಗೇಣುದ್ದದ, ಬೆಳ್ಳಿ ಮೈಯ, ಎಣ್ಣೆ ತುಂಬಿದ ಈ ಮೀನು ಕರಾವಳಿಯ ಬಡವರ ಗಂಜಿಯ ಜೊತೆಗಾರ. ಹಿಂದೆ ಇದರ ಎಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. ಎಣ್ಣೆ ತೆಗೆದುಳಿದ ಹಿಂಡಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಕೆಲವು ವರ್ಷ ರಾಶಿ ರಾಶಿಯಾಗಿ ಬರುವ ಬೂತಾಯಿ ಕೆಲವು ವರ್ಷ ಹೇಳಹೆಸರಿಲ್ಲದಂತೆ ಮಾಯವಾಗುವುದೇಕೆ? ಇದಕ್ಕೆ ಉತ್ತರದ ಒಂದು ಪಾಲು ತಾಯಿಮೀನಿನ ಒಡಲಿನಲ್ಲಿದೆ.

ಬೂತಾಯಿ ಸಾಮಾನ್ಯವಾಗಿ ಒಂದು ವರ್ಷ ತುಂಬುವ ವೇಳೆಗೆ ಪ್ರಾಯಕ್ಕೆ ಬಂದು, ಮುಂಗಾರಿನ ತಿಂಗಳುಗಳಲ್ಲಿ ತತ್ತಿಯಿಡುತ್ತದೆ. (ಮೊಟ್ಟೆ ಎಂದರೂ ತಪ್ಪಿಲ್ಲ, ಉತ್ತರ ಕರ್ನಾಟಕದವರ ‘ತತ್ತಿ’ ನನ್ನ ಕಿವಿಗೆ ಹೆಚ್ಚು ಹಿತ.) ಒಂದು ಹೆಣ್ಣು ಹತ್ತಾರು ಸಾವಿರ ತತ್ತಿಗಳನ್ನು ಹೊರುತ್ತದೆ. ಆದರೆ ಹೊತ್ತದ್ದನ್ನೆಲ್ಲ ಇಡುತ್ತದೆಂಬ ಭರವಸೆಯಿಲ್ಲ. ಪ್ರತಿಯೊಂದು ತತ್ತಿಯಲ್ಲಿಯೂ ಹುಟ್ಟಲಿರುವ ಮರಿಗೆ ಬುತ್ತಿ ಕಟ್ಟಬೇಕು. ಆ ಬುತ್ತಿಗೆ ಬೇಕಾದ ಪ್ರೋಟೀನು ತಾಯಿಯ ಯಕೃತ್ತಿನಲ್ಲಿ ಸಿದ್ಧವಾಗಿ, ರಕ್ತದ ಮೂಲಕ ಅಂಡಾಶಯವನ್ನು ಸೇರುತ್ತದೆ. ಕೂಡಿಟ್ಟ ಕೊಬ್ಬೂ ಅಲ್ಲಿಗೇ ಸಾಗುತ್ತದೆ. ಆಹಾರ ಕೊರೆಯಾದರೆ ತಾಯಿಯ ದೇಹ ಅರೆಬೆಳೆದ ತತ್ತಿಗಳನ್ನು ಕರಗಿಸಿ ಮರಳಿ ಹೀರಿಕೊಳ್ಳುತ್ತದೆ. ಇದನ್ನು ಕ್ರೌರ್ಯವೆನ್ನಲು ನನಗೆ ಮನಸ್ಸಿಲ್ಲ. ತಾಯಿ ಉಳಿದರಲ್ಲವೇ ಮುಂದಿನ ಮಳೆಗಾಲ! 1960ರ ದಶಕದಲ್ಲಿ ಬಿ. ಟಿ. ಆಂಟನಿ ರಾಜ ಎಂಬ ವಿಜ್ಞಾನಿ ಬೂತಾಯಿಯ ಅಂಡಾಶಯಗಳಲ್ಲಿ ಹೀಗೆ ಕರಗಿದ ತತ್ತಿಗಳನ್ನು ಗುರುತಿಸಿ, ಅದಕ್ಕೂ ಮಳೆಯ ಕೊರತೆಗೂ ನಂಟನ್ನು ಕಂಡರು.

ಕಡಲಿನಲ್ಲಿರುವ ಮೀನಿಗೆ ಮಳೆಯ ಹಂಗೇಕೆ ಎಂದು ನೀವು ಕೇಳಬಹುದು. ಮುಂಗಾರಿನ ಗಾಳಿ ನಮ್ಮ ಪಶ್ಚಿಮ ತೀರದ ಮೇಲ್ನೀರನ್ನು ಆಚೆಗೆ ಸರಿಸುತ್ತದೆ; ತೆರವಾದ ಎಡೆಗೆ ಆಳದ ತಣ್ಣೀರು ಏರಿ ಬರುತ್ತದೆ. ಅದರೊಡನೆ ತಳದ ಲವಣಸತ್ವಗಳೂ ಬರುತ್ತವೆ. ಬಿಸಿಲು ತಗಲಿದೊಡನೆ ಡಯಾಟಮ್ ಎಂಬ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಮೃಷ್ಟಾನ್ನ. ಫ್ರಾಜಿಲೇರಿಯ ಎಂಬ ಡಯಾಟಮ್ ಹೇರಳವಾಗಿರುವಲ್ಲಿ ಬೂತಾಯಿಯೂ ಹೇರಳವೆಂಬ ಮಾತನ್ನು ವಿಜ್ಞಾನಿಗಳು 1955ರಲ್ಲಿಯೇ ಬರೆದರು. ಹೀಗೆ ತಂಪೂ ಊಟವೂ ಒಂದೇ ಬಾಗಿಲಿನಿಂದ ಒಳಬರುತ್ತವೆ.

ಬಾಗಿಲು ಮುಚ್ಚಿದರೆ ಎರಡೂ ಇಲ್ಲ. ಮೇಲ್ನೀರು ಕಾದು ಹಗುರವಾದಾಗ ಅದು ಕಡಲಿಗೆ ಮುಚ್ಚಳದಂತಾಗುತ್ತದೆ. ತಳದ ಸತ್ವ ಮೇಲೇರದು. ಮೀನಿನ ಮೈಬಿಸಿಯಾದರೋ ನೀರಿನ ಬಿಸಿಯನ್ನೇ ಅನುಸರಿಸುವಂಥದು. ನೀರು ಕಾದಂತೆ ಬದುಕಿರುವುದಕ್ಕೇ ಹೆಚ್ಚು ಉರವಲು ಬೇಕು. ಆದಾಯ ಇಳಿದು ಖರ್ಚು ಏರಿದ ಸಂಸಾರದಲ್ಲಿ ಮಕ್ಕಳ ಪಾಲಿಗೆ ಏನುಳಿದೀತು? ಬಿಸಿಯೆಂದರೆ ಎಲ್ಲ ಮೀನಿಗೂ ಕೇಡೆಂದಲ್ಲ. ಚಳಿನಾಡಿನ ಕೆರೆಗಳಲ್ಲಿ ಸಾಮಾನ್ಯ ಗೆಂಡೆಗೆ ನೀರು 18 ಡಿಗ್ರಿ ಸೆಂಟಿಗ್ರೇಡಿನ ಸುತ್ತ ಕಾಯುವವರೆಗೆ ತತ್ತಿಯಿಡುವ ಮನಸ್ಸೇ ಆಗದು. ಬೂತಾಯಿಯ ಜಾತಕ ಬೇರೆ.

2012ರಲ್ಲಿ ಕೇರಳದ ತೀರಕ್ಕೆ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು ಮೂರು ಸಾವಿರದ ಚಿಲ್ಲರೆ ಟನ್. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಜ್ಞರು 2015ರ ಎಲ್ ನಿನೋ ತಂದ ಕಾವಿನ ಕಡೆಗೂ ಬೆರಳು ತೋರಿದರು. ಮುಂದಿನ ವರ್ಷಗಳಲ್ಲಿ ಹಿಡಿಪು ಮತ್ತೆ ಲಕ್ಷ ಟನ್ನನ್ನು ದಾಟಿತು. ಇಂಥ ಏರಿಳಿತ ಕಂಡಾಗ ಕೆಲವರು ಬಲೆಯನ್ನು ಬೈಯುತ್ತಾರೆ, ಕೆಲವರು ಕಡಲನ್ನು. ಎರಡನ್ನೂ ಬಿಡಿಸಿ ನೋಡುವುದು ನನಗೆ ಒಪ್ಪಿಗೆಯಾಗದು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಅದು ತತ್ತಿಯಿಡುವ ಮೀನನ್ನು ಕಾಯುತ್ತದೆ, ಆದರೆ ಅದಕ್ಕೆ ಊಟ ಬಡಿಸದು. ತತ್ತಿ ಕಟ್ಟುವ ಕೆಲಸವಂತೂ ಬೇಸಗೆಯಲ್ಲಿಯೇ ಮೊದಲಾಗಿರುತ್ತದೆ. ಕಾದ ವರ್ಷದಲ್ಲಿ, ಅರೆಹೊಟ್ಟೆಯ ತಾಯಂದಿರು ಇಟ್ಟ ಕೆಲವೇ ತತ್ತಿಗಳಿಂದ ಹೊರಬಂದ ಬೆರಳುದ್ದದ ಮರಿಗಳನ್ನೂ ಬಾಚಿ ಮೀನುಹಿಟ್ಟಿನ ಕಾರ್ಖಾನೆಗೆ ಸುರಿದರೆ, ಮರುವರ್ಷ ತತ್ತಿ ಹೊರಲು ತಾಯಿಯೇ ಇರುವುದಿಲ್ಲ.